ಪೂಲ್ ಕ್ಯೂ ಕೆಲಸ: ತುದಿಯಿಂದ ಶುರು ಮಾಡಿ

‘ಕೋಲು ಡೊಂಕಾಗಿದೆ, ಹೊಡೆತ ಕೂರುತ್ತಿಲ್ಲ’ ಎನ್ನುತ್ತಾ ಯಾರಾದರೂ ಪೂಲ್ ಕ್ಯೂ (ಬಿಲಿಯರ್ಡ್ಸ್ ಬಗೆಯ ಪೂಲ್ ಆಟದಲ್ಲಿ ಚೆಂಡು ಹೊಡೆಯುವ ಕೋಲು) ತಂದುಕೊಟ್ಟರೆ ನಾನು ಮೊದಲು ನೋಡುವುದು ಕೋಲನ್ನಲ್ಲ, ತುದಿಯ ಚರ್ಮವನ್ನು, ಅಂದರೆ ಟಿಪ್ ಅನ್ನು. 58 ಇಂಚು ಉದ್ದದ ಕ್ಯೂನಲ್ಲಿ ಚೆಂಡನ್ನು ಮುಟ್ಟುವುದು ಆ ಚೂರು ಚರ್ಮ ಒಂದೇ. ಮುಟ್ಟಿರುವುದೂ ಸೆಕೆಂಡಿನ ಸಾವಿರದಲ್ಲೊಂದು ಪಾಲಿನಷ್ಟು ಹೊತ್ತು. ಅಷ್ಟರಲ್ಲಿ ಅದು ಜಾರಿತೆಂದರೆ ಹಿಂದಿನ ಮರ ಎಷ್ಟು ಒಳ್ಳೆಯದಿದ್ದರೂ ಉಪಯೋಗವಿಲ್ಲ. ಹಾಗಾಗಿ ಈ ಕೆಲಸ ಕಲಿಯಬೇಕು ಎನ್ನುವವರಿಗೆ ನಾನು ಹೇಳುವುದು ಇಷ್ಟೇ: ತುದಿಯಿಂದ ಶುರು ಮಾಡಿ, ಲೇತ್ (ಮರ ಕಡೆಯುವ ಯಂತ್ರ) ಆಮೇಲೆ.

ಟಿಪ್ ಬದಲಿಸುವುದು

ಹಳೆಯ ಟಿಪ್ ಅನ್ನು ಹರಿತವಾದ ಬ್ಲೇಡಿನಿಂದ ತೆಗೆಯಿರಿ. ಒಂದೇ ಕಡೆಯಿಂದ ಒತ್ತಬೇಡಿ. ಕ್ಯೂ ತಿರುಗಿಸುತ್ತಾ ಸುತ್ತಲೂ ಸ್ವಲ್ಪ ಸ್ವಲ್ಪವೇ ಕೊಯ್ಯಿರಿ, ಇಲ್ಲದಿದ್ದರೆ ಫೆರುಲ್‌ನ ಅಂಚು ಚಕ್ಕೆ ಏಳುತ್ತದೆ. ಟಿಪ್ ಕೆಳಗಿರುವ ಬಿಳಿಯ ಬಳೆಯೇ ಫೆರುಲ್. ಪೆಟ್ಟಿಗೆ ಮರ ಸೀಳದಂತೆ ಕಾಯುವುದು ಅದರ ಕೆಲಸ. ಹಿಂದೆ ಇದಕ್ಕೆ ಆನೆದಂತವನ್ನೂ ಬಳಸುತ್ತಿದ್ದರು, ಈಗ ಪ್ಲಾಸ್ಟಿಕ್ ಅಥವಾ ರಾಳ ಕುಡಿಸಿದ ಫೈಬರ್.

ಮುಂದಿನದು ಅವಸರ ಸಲ್ಲದ ಹಂತ. ಫೆರುಲ್‌ನ ಮೇಲ್ಮೈಯಲ್ಲಿ ಹಳೆಯ ಅಂಟಿನ ಕುರುಹೂ ಉಳಿಯಬಾರದು, ಅದು ಪೂರ್ತಿ ಸಪಾಟಾಗಿರಬೇಕು. ಲೇತ್ ಇದ್ದರೆ ಒಂದು ಸಣ್ಣ ಕಟ್ ಸಾಕು. ಇಲ್ಲವೆಂದರೆ ಗಾಜಿನ ಮೇಲೆ ಉಪ್ಪುಕಾಗದ ಹಾಸಿ, ಕ್ಯೂವನ್ನು ನೆಟ್ಟಗೆ ಹಿಡಿದು ಉಜ್ಜಿ. ಒಂದು ಸ್ಟೀಲ್ ಸ್ಕೇಲನ್ನು ಅಂಚಿನ ಮೇಲೆ ನಿಲ್ಲಿಸಿ ಬೆಳಕಿಗೆ ಹಿಡಿಯಿರಿ; ಕೆಳಗೆ ಬೆಳಕಿನ ಗೆರೆ ಕಂಡರೆ ಇನ್ನೂ ಉಜ್ಜುವುದಿದೆ. ಹೊಸ ಟಿಪ್‌ನ ತಳಕ್ಕೂ ಇದೇ ಉಪಚಾರ. ಟಿಪ್ ಕಿತ್ತುಬಂದಾಗ ಜನ ಅಂಟನ್ನು ಬೈಯುತ್ತಾರೆ. ನಾನು ನೋಡಿದ ಮಟ್ಟಿಗೆ ತಪ್ಪಿರುವುದು ಬಹುಪಾಲು ಈ ಸಪಾಟುತನದಲ್ಲಿ.

ಪೂಲ್ ಕ್ಯೂನ ತುದಿ ಸಾಮಾನ್ಯವಾಗಿ 12ರಿಂದ 13 ಮಿ.ಮೀ. ಇರುತ್ತದೆ. ಅದಕ್ಕಿಂತ ಒಂದು ಮಿ.ಮೀ. ದೊಡ್ಡ ಟಿಪ್ ಆರಿಸಿಕೊಳ್ಳಿ. ಜೆಲ್ ರೂಪದ ಸೂಪರ್ ಗ್ಲೂ ಒಂದೆರಡು ಹನಿ ಹಾಕಿ, ಟಿಪ್ ಅನ್ನು ಸ್ವಲ್ಪ ತಿರುಗಿಸಿ ಹರಡಿ, ನಡುವಿಗೆ ತಂದು ಒತ್ತಿ ಹಿಡಿಯಿರಿ. ಅಂಟು ಒಣಗಿದ ಮೇಲೆ ಫೆರುಲ್‌ಗೆ ಟೇಪ್ ಸುತ್ತಿ, ಟಿಪ್ ಕೆಳಮುಖವಾಗಿರುವಂತೆ ಕ್ಯೂವನ್ನು ಹಲಗೆಯ ಮೇಲೆ ನಿಲ್ಲಿಸಿ, ಹೊರಗೆ ಚಾಚಿದ ಚರ್ಮವನ್ನು ಮೇಲಿನಿಂದ ಕೆಳಕ್ಕೆ ಸವರಿ. ಬದಿಗೆ ಒಂದು ಹನಿ ನೀರು ಹಚ್ಚಿ ಚರ್ಮದ ತುಂಡಿನಿಂದ ಬಿಸಿಯಾಗುವಷ್ಟು ತಿಕ್ಕಿದರೆ ಅಂಚು ಕರ್ರಗೆ, ಗಟ್ಟಿಯಾಗಿ ಹೊಳೆಯುತ್ತದೆ.

ಕೊನೆಗೆ ತಲೆಗೆ ಗುಮ್ಮಟದ ಆಕಾರ ಕೊಟ್ಟು ಲಘುವಾಗಿ ತರಿತರಿ ಮಾಡಿ. ಆಡುವಾಗ ತುದಿಗೆ ಹಚ್ಚುವ ಚಾಕ್ ನಿಲ್ಲುವುದು ಆ ತರಿಯಲ್ಲೇ. 19ನೇ ಶತಮಾನದ ಮೊದಲ ಭಾಗದಲ್ಲಿ ಕ್ಯೂಗೆ ಚರ್ಮದ ತುದಿ ಕೂರಿಸಿದ ಹೆಸರು ಫ್ರಾನ್ಸಿನ ಫ್ರಾನ್ಸ್ವಾ ಮಿಂಗೋ ಅವರದು. ಚೆಂಡಿನ ಬದಿಗೆ ಹೊಡೆದು ತಿರುಗಣೆ ಕೊಡುವ ಆಟ ಬೆಳೆದದ್ದು ಆ ಚರ್ಮದ ದೆಸೆಯಿಂದ. ಇನ್ನು ಚಾಕ್ ಎನ್ನುವುದು ಸೀಮೆಸುಣ್ಣವಲ್ಲ. 1897ರಲ್ಲಿ ಅಮೆರಿಕದ ವಿಲಿಯಂ ಸ್ಪಿಂಕ್ಸ್ ಮತ್ತು ವಿಲಿಯಂ ಹಾಸ್ಕಿನ್ಸ್ ಪೇಟೆಂಟ್ ಪಡೆದ ಪುಡಿಯಲ್ಲಿ ಗಾಜಿನ ಮೂಲವಾದ ಸಿಲಿಕಾ ಸೇರಿತ್ತು. ಚರ್ಮ ಚೆಂಡನ್ನು ಕಚ್ಚಿಹಿಡಿಯುವುದು ಆ ಗರಸು ಪುಡಿಯಿಂದ.

ನೆಗ್ಗು, ಡೊಂಕು, ಸದ್ದು

ಟೇಬಲ್ ಅಂಚಿಗೆ ಬಡಿದು ಶಾಫ್ಟ್ (ಕ್ಯೂನ ಮುಂದಿನ ತೆಳು ಭಾಗ) ನೆಗ್ಗಿದ್ದರೆ ಉಪ್ಪುಕಾಗದ ಮುಟ್ಟಬೇಡಿ. ನೆಗ್ಗಿದ ಕಡೆ ಮರ ಹೋಗಿರುವುದಿಲ್ಲ, ನಾರು ಒತ್ತಿಕೊಂಡಿರುತ್ತದೆ ಅಷ್ಟೇ. ಒದ್ದೆ ಬಟ್ಟೆಯ ಚೂರನ್ನು ಅದರ ಮೇಲಿಟ್ಟು ಬಿಸಿ ಇಸ್ತ್ರಿಪೆಟ್ಟಿಗೆಯ ತುದಿಯನ್ನು ಕೆಲವು ಕ್ಷಣ ತಾಗಿಸಿ. ಹಬೆ ಒಳಹೊಕ್ಕು ನಾರು ಉಬ್ಬಿ ಮೇಲೇಳುತ್ತದೆ. ಪೂರ್ತಿ ಒಣಗಿದ ಮೇಲೆ 1000 ಗ್ರಿಟ್‌ನ ನುಣುಪು ಉಪ್ಪುಕಾಗದದಲ್ಲಿ ಎರಡು ಸಲ ಸವರಿದರೆ ಬೆರಳಿಗೂ ಗುರುತು ಸಿಗುವುದಿಲ್ಲ. ನಾರು ಕತ್ತರಿಸಿಹೋಗಿದ್ದರೆ ಮಾತ್ರ ಹಬೆ ಕೆಲಸ ಮಾಡದು. ಫೆರುಲ್ ಹತ್ತಿರ ಬಿಸಿ ಒಯ್ಯಬೇಡಿ, ಅಂಟು ಸಡಿಲವಾಗುತ್ತದೆ.

ಇದನ್ನು ನಾನು ಕಲಿತದ್ದು ಒಂದು ಒಳ್ಳೆಯ ಶಾಫ್ಟ್ ಹಾಳುಮಾಡಿಕೊಂಡು. ನೆಗ್ಗು ಹೋಗಲೆಂದು ಉಜ್ಜುತ್ತಲೇ ಹೋದೆ. ನೆಗ್ಗು ಹೋಯಿತು, ಜೊತೆಗೆ ಅರ್ಧ ಮಿ.ಮೀ. ಮರವೂ ಹೋಯಿತು. ಬೆರಳ ಸಂದಿಯಲ್ಲಿ ಜಾರುವಾಗ ಆ ಹಳ್ಳ ಪ್ರತಿ ಹೊಡೆತದಲ್ಲೂ ತಿಳಿಯುತ್ತಿತ್ತು. ಆ ಶಾಫ್ಟನ್ನು ಈಗಲೂ ಗೋಡೆಗೆ ಒರಗಿಸಿಟ್ಟಿದ್ದೇನೆ.

ಡೊಂಕನ್ನು ನೋಡುವಾಗ ಕ್ಯೂ ಬಿಚ್ಚಿ, ಶಾಫ್ಟ್ ಮತ್ತು ಬಟ್ (ಹಿಂದಿನ ದಪ್ಪ ಭಾಗ) ಎರಡನ್ನೂ ಬೇರೆ ಬೇರೆಯಾಗಿ ಸಪಾಟಾದ ಮೇಜಿನ ಮೇಲೆ ಉರುಳಿಸಿ. ಎರಡೂ ನೆಟ್ಟಗಿದ್ದು, ಜೋಡಿಸಿದಾಗ ಮಾತ್ರ ಕುಣಿದರೆ ತಪ್ಪು ಅವೆರಡೂ ಸೇರುವ ಜಾಯಿಂಟ್‌ನದು. ಶಾಫ್ಟೇ ಬಾಗಿದ್ದರೆ ಬಿಸಿಮಾಡಿ ನೇರಗೊಳಿಸಬಹುದು, ಆದರೆ ಮರ ಬಹಳ ಸಲ ಮತ್ತೆ ಹಳೆಯ ಬಾಗಿಗೇ ಹೋಗುತ್ತದೆ. ಕೂದಲೆಳೆಯಷ್ಟು ಬಾಗಿದ್ದರೆ ಹಾಗೇ ಆಡಿ ಎನ್ನುವುದು ನನ್ನ ಸಲಹೆ.

ಹೊಡೆದಾಗ ‘ಟಿಕ್’ ಎಂದರೆ ಫೆರುಲ್ ಬಿರುಕು ಬಿಟ್ಟಿರಬಹುದು, ಗುಂಯ್‌ಗುಟ್ಟಿದರೆ ಬಟ್ ಒಳಗಿನ ತೂಕದ ಬೋಲ್ಟ್ ಸಡಿಲ. ಬೋಲ್ಟ್ ಬಿಗಿ ಮಾಡುವುದು ಐದು ನಿಮಿಷದ ಕೆಲಸ.

ಹೊಸ ಶಾಫ್ಟ್

ಇಲ್ಲಿ ಉಪಕರಣಕ್ಕಿಂತ ಹೆಚ್ಚು ಬೇಕಾದದ್ದು ಕಾಲ. ಪೂಲ್ ಶಾಫ್ಟ್‌ಗೆ ಹಾರ್ಡ್ ಮೇಪಲ್ ಮರ ಸರಿ (ಸ್ನೂಕರ್ ಕ್ಯೂಗೆ ಹೆಚ್ಚಾಗಿ ಆ್ಯಶ್, ಅದರ ಫೆರುಲ್ ಹಿತ್ತಾಳೆಯದು). ಮರದ ಎಳೆ ಒಂದು ತುದಿಯಿಂದ ಇನ್ನೊಂದಕ್ಕೆ ನೇರವಾಗಿ ಓಡಬೇಕು. ನಡುವೆ ಪಕ್ಕಕ್ಕೆ ಹರಿದುಹೋದ ಎಳೆ ಇದ್ದರೆ ಆ ತುಂಡನ್ನು ಬಿಟ್ಟುಬಿಡಿ. ತೇವಾಂಶ ಶೇ 6ರಿಂದ 8ರ ಆಸುಪಾಸಿಗೆ ಇಳಿದಿರಬೇಕು.

ಒಂದು ಇಂಚು ಚೌಕದ ತುಂಡಿನ ಎರಡೂ ತುದಿಗೆ ಸೆಂಟರ್ ತೂತು ಹಾಕಿ, ಲೇತ್‌ಗೆ ಏರಿಸಿ ಗುಂಡಗೆ ಮಾಡಿ. ಆಮೇಲೆ ಅದನ್ನು ಇಳಿಸಿ ತೂಗುಹಾಕಿ, ವಾರಗಟ್ಟಲೆ ಬಿಡಿ. ಪ್ರತಿ ಕಟ್‌ನಲ್ಲೂ ಮರದೊಳಗೆ ಹಿಡಿದಿಟ್ಟ ಬಿಗಿ ಬಿಚ್ಚಿಕೊಂಡು ಅದು ತುಸು ಹೊರಳುತ್ತದೆ. ಮುಂದಿನ ಕಟ್‌ನಲ್ಲಿ ಆ ಹೊರಳು ತೆಗೆಯಿರಿ, ಮತ್ತೆ ತೂಗುಹಾಕಿ. ಹೀಗೆ ಐದಾರು ಸಲ, ಸಲಸಲಕ್ಕೂ ತೆಳುವಾಗಿ. ಒಂದೇ ದಿನ ಕಡೆದು ಮುಗಿಸಿದ ಶಾಫ್ಟ್ ಆ ದಿನ ಬಾಣದಂತಿದ್ದರೂ ತಿಂಗಳೊಳಗೆ ಬಾಗಬಹುದು. ಎಷ್ಟು ಎಚ್ಚರ ವಹಿಸಿದರೂ ಕೆಲವು ನಡುದಾರಿಯಲ್ಲೇ ಬಾಗುತ್ತವೆ. ಅವನ್ನು ಪಕ್ಕಕ್ಕಿಡಬೇಕು, ಮನಸ್ಸಿಗೆ ಬೇಸರವಾದರೂ.

ಕೊನೆಯ ಕಟ್‌ನಲ್ಲಿ ಇಳಿಜಾರಿನ ಅಳತೆ ನಿಶ್ಚಯವಾಗುತ್ತದೆ. ತುದಿಯಿಂದ ಹತ್ತು ಹನ್ನೆರಡು ಇಂಚು ಹೆಚ್ಚುಕಡಿಮೆ ಒಂದೇ ದಪ್ಪ ಇಟ್ಟು, ಆಮೇಲೆ ಜಾಯಿಂಟ್ ಕಡೆಗೆ ದಪ್ಪವಾಗಿಸುವುದು ‘ಪ್ರೊ ಟೇಪರ್’. ಬೆರಳ ಮೇಲೆ ಸಲೀಸಾಗಿ ಓಡುವುದರಿಂದ ನನಗೆ ಇದೇ ಇಷ್ಟ. ಜಾಯಿಂಟ್ ತೂತು ಕೊರೆಯುವ ಮುನ್ನ ಬಟ್‌ನ ಪಿನ್ (ಶಾಫ್ಟ್‌ನ ತೂತಿಗೆ ತಿರುಗಿಸಿ ಕೂರಿಸುವ ಸ್ಕ್ರೂ) ಅಳೆಯಿರಿ: 5/16 ಇಂಚಿನ ಪಿನ್‌ನಲ್ಲೇ ಇಂಚಿಗೆ 14 ಥ್ರೆಡ್‌ನದೂ ಇದೆ, 18ರದೂ ಇದೆ, ಕಣ್ಣಿಗೆ ಒಂದೇ ಥರ ಕಾಣುತ್ತವೆ.

ಮರದ ರಂಧ್ರ ಮುಚ್ಚುವ ಸೀಲರ್ ಹಚ್ಚಿ, ಒಣಗಿಸಿ, ಫೆರುಲ್ ಕೂರಿಸಿ, ಮೊದಲು ಹೇಳಿದಂತೆ ಟಿಪ್ ಅಂಟಿಸಿ. ಆಡುತ್ತಾ ಒಂದೆರಡು ದಿನದಲ್ಲಿ ಹೊಸ ಚರ್ಮ ಕುಗ್ಗಿ, ಅಂಚು ಅಣಬೆಯಂತೆ ಹೊರಚಾಚುತ್ತದೆ. ಆಗ ಇನ್ನೊಮ್ಮೆ ಬದಿ ಸವರಿ, ಚರ್ಮದ ತುಂಡಿನಿಂದ ತಿಕ್ಕಿಕೊಡಿ.