ಮೊದಲ ಸಂಚಿಕೆಯಿಂದ ಶುರು ಮಾಡಬೇಡಿ: ಸೂಪರ್‌ಹೀರೋ ಕಾಮಿಕ್ಸ್ ಓದುವ ಬಗೆ

ಸಿನಿಮಾ ನೋಡಿ ಬಂದವರು ಕೇಳುವ ಪ್ರಶ್ನೆ ಒಂದೇ. "ಕಾಮಿಕ್ಸ್ ಓದಬೇಕು, ಎಲ್ಲಿಂದ ಶುರು ಮಾಡಲಿ?" ಅದಕ್ಕೆ ನಮ್ಮಂಥ ಹುಚ್ಚರು ಕೊಡುವ ಉತ್ತರ ಇದೆಯಲ್ಲ, ಅದನ್ನು ಕೇಳಿದರೆ ಯಾರಿಗಾದರೂ ಓದುವ ಆಸೆಯೇ ಹೊರಟುಹೋಗಬೇಕು. ಇದನ್ನು ಓದು, ಅದಕ್ಕೂ ಮುಂಚೆ ಅದನ್ನು ಓದು, ಅದು ತಲೆಗೆ ಹೋಗಬೇಕಾದರೆ 1985ರ ಆ ದೊಡ್ಡ ಕ್ರಾಸ್‌ಓವರ್ (ಬೇರೆ ಬೇರೆ ಸೀರೀಸ್‌ಗಳ ಹೀರೋಗಳು ಒಂದೇ ಕಥೆಯಲ್ಲಿ ಸೇರುವುದು) ಗೊತ್ತಿರಬೇಕು, ಆಮೇಲೆ 2011ರಲ್ಲಿ ಸೂಪರ್‌ಮ್ಯಾನ್, ಬ್ಯಾಟ್‌ಮ್ಯಾನ್ ಪ್ರಕಾಶಕರಾದ ಡಿಸಿಯವರು 52 ಸೀರೀಸ್‌ಗಳನ್ನು ಮತ್ತೆ ಒಂದನೇ ನಂಬರಿನಿಂದ ಶುರು ಮಾಡಿದರು, ಆದರೆ ಬ್ಯಾಟ್‌ಮ್ಯಾನ್‌ನ ಹಳೇ ಕಥೆ ಸುಮಾರಾಗಿ ಹಾಗೇ ಉಳಿಯಿತು... ಅಷ್ಟು ಹೊತ್ತಿಗೆ ಕೇಳಿದವರು ಫೋನ್ ನೋಡುತ್ತಿರುತ್ತಾರೆ.

ನಾನೂ ಈ ಗುಂಡಿಗೆ ಬಿದ್ದವನೇ. ಸ್ಪೈಡರ್‌ಮ್ಯಾನ್ ಪೂರ್ತಿ ಓದಿಯೇ ತೀರಬೇಕು ಅಂತ 1962ರ ಮೊದಲ ಕಥೆಯಿಂದ ಹಿಡಿದು ಕೂತೆ. ಓದಿದ್ದಕ್ಕೆಲ್ಲ ಟಿಕ್ ಹಾಕಲು ಎಕ್ಸೆಲ್ ಶೀಟ್ ಬೇರೆ. ನಲವತ್ತನೇ ಸಂಚಿಕೆಯ ಹತ್ತಿರ ಗಾಡಿ ನಿಂತಿತು. ಅದನ್ನು ಬರೆದ ಸ್ಟಾನ್ ಲೀ, ಚಿತ್ರ ಬಿಡಿಸಿದ ಸ್ಟೀವ್ ಡಿಟ್ಕೊ ಜೋಡಿಯ ಕೆಲಸದ ಬಗ್ಗೆ ನನಗೆ ತುಂಬಾ ಗೌರವ ಇದೆ, ಆದರೆ ಆ ಕಾಲದ ಹೀರೋಗಳು ಗುದ್ದುತ್ತಲೇ ತಾವು ಹೇಗೆ ಗುದ್ದುತ್ತಿದ್ದೇವೆ ಅಂತ ಮೂರು ಸಾಲು ಭಾಷಣ ಮಾಡುತ್ತಾರೆ. ಮೊದಲ ಸಲ ಓದುವವರಿಗೆ ಅದು ಸಾಕಾಗಿಹೋಗುತ್ತದೆ.

ಹಾಗಾಗಿ ಮಧ್ಯದಿಂದ ಶುರು ಮಾಡಿ. ಸೂಪರ್‌ಮ್ಯಾನ್ ಬಂದಿದ್ದು 1938ರಲ್ಲಿ, ಬ್ಯಾಟ್‌ಮ್ಯಾನ್ 1939ರಲ್ಲಿ. ಸೂಪರ್‌ಮ್ಯಾನ್ ಮೊದಲು ಕಾಣಿಸಿಕೊಂಡ ಆಕ್ಷನ್ ಕಾಮಿಕ್ಸ್ 2018ರಲ್ಲಿ ಸಾವಿರನೇ ಸಂಚಿಕೆ ಮುಟ್ಟಿತು. ಅದು ಒಂದೇ ಒಂದು ಸೀರೀಸ್. ಎಲ್ಲಾ ಓದಿದ್ದೇನೆ ಅನ್ನುವವರನ್ನು ನಂಬಬೇಡಿ.

ಮಧ್ಯದಿಂದ ಅಂದರೆ ಎಲ್ಲಿಂದ? ಇಲ್ಲೇ ಎಲ್ಲರೂ ಎಡವುವುದು. ಹೀರೋ ಹೆಸರು ನೋಡಿ ಪುಸ್ತಕ ಎತ್ತಿಕೊಳ್ಳುತ್ತೇವೆ, ಅಲ್ವಾ? ಒಬ್ಬನೇ ಬ್ಯಾಟ್‌ಮ್ಯಾನ್ ಅನ್ನು ನೂರಾರು ಜನ ಬರೆದಿದ್ದಾರೆ. ಕೆಲವರು ಅದ್ಭುತವಾಗಿ, ಕೆಲವರು ತಿಂಗಳ ಗಡುವು ಮುಟ್ಟಿಸುವುದಕ್ಕೆ. ಅದಕ್ಕೇ ಬರೆದವರು ಯಾರು, ಚಿತ್ರ ಬಿಡಿಸಿದವರು ಯಾರು ಅಂತ ನೋಡಿ ಆರಿಸಿ. ಒಬ್ಬ ಬರಹಗಾರ ಒಂದು ಸೀರೀಸ್‌ನಲ್ಲಿ ಸತತವಾಗಿ ಬರೆದ ಸಂಚಿಕೆಗಳಿಗೆ ನಾವು 'ರನ್' ಅನ್ನುತ್ತೇವೆ. ಕ್ರಿಸ್ ಕ್ಲೇರ್‌ಮಾಂಟ್ ಎಕ್ಸ್‌ಮೆನ್ ಅನ್ನು 1975ರಿಂದ 1991ರವರೆಗೆ ಬರೆದರು, ಅದು ದೈತ್ಯ ರನ್, ಈಗಲೇ ಕೈ ಹಾಕಬೇಡಿ. ಶುರುವಿಗೆ ಚಿಕ್ಕದು ಬೇಕು. ಫ್ರಾಂಕ್ ಮಿಲ್ಲರ್, ಡೇವಿಡ್ ಮಝುಕೆಲ್ಲಿ ಸೇರಿ 1987ರಲ್ಲಿ ಬ್ಯಾಟ್‌ಮ್ಯಾನ್‌ನ ಮೊದಲ ವರ್ಷದ ಕಥೆ ಹೇಳಿದರು, ಬರೀ ನಾಲ್ಕು ಸಂಚಿಕೆ. ನಂಬರ್ 404ರಿಂದ 407. ಹಿಂದಿನ 403 ಓದದೆ ಹೋದರೂ ಒಂದು ಅಕ್ಷರ ತಪ್ಪಿಹೋಗುವುದಿಲ್ಲ. ಇನ್ನೂ ಹಗುರವಾಗಿ ಬೇಕಾದರೆ 2014ರಲ್ಲಿ ಶುರುವಾದ ಕಮಲಾ ಖಾನ್‌ಳ ಮಿಸ್ ಮಾರ್ವೆಲ್. ಅವಳೇ ಸೂಪರ್‌ಹೀರೋಗಳ ಫ್ಯಾನ್, ಅವರ ಬಗ್ಗೆ ಕಥೆ ಕಟ್ಟಿ ಬರೆಯುವ ಹುಡುಗಿ. ನಮ್ಮದೇ ಜಾತಿ.

ಬಿಡಿ ಸಂಚಿಕೆ ಹುಡುಕಿಕೊಂಡು ಅಲೆಯಬೇಕಾಗಿಲ್ಲ. ಐದಾರು ಸಂಚಿಕೆ ಸೇರಿಸಿ ಮಾಡಿದ ಪುಸ್ತಕಕ್ಕೆ ಟ್ರೇಡ್ ಪೇಪರ್‌ಬ್ಯಾಕ್ ಅಂತಾರೆ, ಅದನ್ನೇ ತಗೊಳ್ಳಿ. ಓಮ್ನಿಬಸ್ ಅಂದರೆ ಹತ್ತಾರು ಸಂಚಿಕೆ ಒಟ್ಟಿಗೆ ಸೇರಿಸಿದ್ದು, ಎದೆ ಮೇಲೆ ಇಟ್ಟುಕೊಂಡು ಮಲಗಿ ಓದಲು ಆಗದಷ್ಟು ತೂಕದ್ದು, ಅದು ಆಮೇಲೆ. ಮೊಬೈಲ್‌ನಲ್ಲಿ ಓದಿದರೂ ಪರವಾಗಿಲ್ಲ, ಆದರೆ ಒಂದೊಂದೇ ಚೌಕ ದೊಡ್ಡದು ಮಾಡಿ ತೋರಿಸುವ ಸೌಲಭ್ಯ ಇರುತ್ತದಲ್ಲ, ಅದನ್ನು ಆಫ್ ಮಾಡಿ. ಪುಟವನ್ನು ಪುಟವಾಗಿ ನೋಡಬೇಕು.

ಯಾಕೆ ಅಂದರೆ ಕಾಮಿಕ್ಸ್‌ನಲ್ಲಿ ಅರ್ಧ ಕಥೆ ನಡೆಯುವುದೇ ಎರಡು ಪ್ಯಾನೆಲ್‌ಗಳ, ಅಂದರೆ ಆ ಚೌಕಗಳ, ನಡುವಿನ ಬಿಳಿ ಜಾಗದಲ್ಲಿ. ಆಲ್-ಸ್ಟಾರ್ ಸೂಪರ್‌ಮ್ಯಾನ್ ಮೊದಲ ಸಂಚಿಕೆ ಸಿಕ್ಕರೆ ಅದರ ಮೊದಲ ಪುಟ ತೆಗೆಯಿರಿ. ನಾಲ್ಕು ಪ್ಯಾನೆಲ್, ಒಂದೊಂದಕ್ಕೆ ಎರಡೆರಡೇ ಪದ. ಒಡೆಯುತ್ತಿರುವ ಗ್ರಹ, ಕಂಗಾಲಾದ ಅಪ್ಪ ಅಮ್ಮ, ಹಾರಿಹೋಗುವ ರಾಕೆಟ್, ಕೊನೆಗೆ ಭೂಮಿಯಲ್ಲಿ ಆ ಮಗುವಿನ ಕಡೆ ಬಗ್ಗಿದ ಗಂಡ ಹೆಂಡತಿ. ಎಂಟು ಪದದಲ್ಲಿ ಪೂರ್ತಿ ಪುರಾಣ ಮುಗಿಯಿತು. ನಾನು ಮೊದಲ ಸಲ ಅದನ್ನು ಎರಡು ಸೆಕೆಂಡಿನಲ್ಲಿ ದಾಟಿ ಹೋಗಿದ್ದೆ. ಆಮೇಲೆ ಒಂದು ದಿನ ಸುಮ್ನೆ ತಿರುವುವಾಗ ಆ ಕೊನೇ ಪ್ಯಾನೆಲ್ ಹತ್ತಿರ ಕೈ ನಿಂತಿತು: ಆ ಇಬ್ಬರನ್ನು ನಾವು ನೋಡುತ್ತಿರುವುದು ಕೆಳಗಿನಿಂದ, ಮಗುವಿನ ಕಣ್ಣಿನಿಂದ. ಹಾಗಾಗಿ ಎರಡು ಸಲ ಓದುವುದು ರೂಢಿ ಮಾಡಿಕೊಳ್ಳಿ. ಮೊದಲು ಮಾತಿಗಾಗಿ, ಆಮೇಲೆ ಮಾತು ಬಿಟ್ಟು ಬರೀ ಚಿತ್ರಕ್ಕಾಗಿ.

ಕ್ರಾಸ್‌ಓವರ್ ಬಂದಾಗ ಏನು ಮಾಡಬೇಕು? ಬಿಡಿ. ನೀವು ಓದುತ್ತಿರುವ ಸೀರೀಸ್‌ನಲ್ಲಿ ಇದ್ದಕ್ಕಿದ್ದಂತೆ ಹತ್ತು ಜನ ಅಪರಿಚಿತರು ಬಂದು ಆಕಾಶದಲ್ಲಿ ಏನೋ ತೂತು ಬಿದ್ದರೆ, ಎರಡು ಸಂಚಿಕೆ ಸಹಿಸಿಕೊಳ್ಳಿ, ಮತ್ತೆ ದಾರಿಗೆ ಬರುತ್ತದೆ. ಯಾರಾದರೂ ಸತ್ತರೆ ಜಾಸ್ತಿ ಅಳಬೇಡಿ. ಸೂಪರ್‌ಮ್ಯಾನ್ 1992ರಲ್ಲಿ ಸತ್ತ, 1993ರಲ್ಲಿ ಎದ್ದುಬಂದ, ಉದ್ದ ಕೂದಲು ಬಿಟ್ಟುಕೊಂಡು. (ಆ ಕೂದಲಿನ ಬಗ್ಗೆ ನನ್ನ ಅಭಿಪ್ರಾಯ ಇಲ್ಲಿ ಬೇಡ.)

ಕೂಡಿಡುವ ಹುಚ್ಚು ಹತ್ತಿದರೆ ಒಂದು ವಿಷಯ ನೆನಪಿರಲಿ: ದುಡ್ಡು ಮಾಡುವ ಆಸೆ ಇಟ್ಟುಕೊಳ್ಳಬೇಡಿ. 1991ರ ಎಕ್ಸ್‌ಮೆನ್ ಒಂದನೇ ಸಂಚಿಕೆ ಬೇರೆ ಬೇರೆ ಮುಖಪುಟದಲ್ಲಿ 80 ಲಕ್ಷಕ್ಕೂ ಹೆಚ್ಚು ಪ್ರತಿ ಅಚ್ಚಾಯಿತು. ಮುಂದೆ ಬೆಲೆ ಬರುತ್ತದೆ ಅಂತ ಜನ ನಾಲ್ಕೈದು ಕೊಂಡು ಎತ್ತಿಟ್ಟರು. ಎಲ್ಲರ ಮನೆಯಲ್ಲೂ ಇರುವ ವಸ್ತುವಿಗೆ ಎಲ್ಲಿಂದ ಬರಬೇಕು ಬೆಲೆ? ಪುಸ್ತಕ ಚೆನ್ನಾಗಿರಬೇಕು ಅಂತಿದ್ದರೆ ಒಂದೊಂದನ್ನೂ ಪಾಲಿಪ್ರೊಪಿಲೀನ್ ಪ್ಲಾಸ್ಟಿಕ್ ಚೀಲಕ್ಕೆ ಹಾಕಿ, ಹಿಂದೆ ಆಸಿಡ್ ಇಲ್ಲದ ಬೋರ್ಡ್ ಇಡಿ, ಬೋರ್ಡಿನ ನುಣುಪಾದ ಬದಿ ಪುಸ್ತಕದ ಕಡೆ ಇರಲಿ. ಡಬ್ಬದಲ್ಲಿ ನೆಟ್ಟಗೆ ನಿಲ್ಲಿಸಿ. ಬಿಸಿಲು, ತೇವ ಎರಡೂ ಬೇಡ. ಹಳೇ ಸಂಚಿಕೆಗಳ ಕಾಗದ ನ್ಯೂಸ್‌ಪ್ರಿಂಟ್, ಬೆಳಕು ಬಿದ್ದಷ್ಟೂ ಬೇಗ ಹಳದಿ ಆಗುತ್ತದೆ. ಹರಿದುಹೋದರೆ ದಯವಿಟ್ಟು ಸೆಲ್ಲೋಟೇಪ್ ಅಂಟಿಸಬೇಡಿ. ನಾನು ಅಂಟಿಸಿದ್ದೆ. ಕೆಲವು ವರ್ಷ ಬಿಟ್ಟು ನೋಡಿದರೆ ಟೇಪ್ ತಾನಾಗಿ ಉದುರಿತ್ತು, ಅದರ ಅಂಟು ಮಾತ್ರ ಥಾರ್‌ನ ಮುಖದ ಮೇಲೆ ಕಂದು ಪಟ್ಟಿಯಾಗಿ ಕೂತಿತ್ತು.

ಇನ್ನು ಫ್ಯಾನ್‌ಗಳ ಲೋಕ. ಇಲ್ಲಿ ಜಗಳ ಸಹಜ, ಆದರೆ ಜಗಳಕ್ಕೂ ಒಂದು ಸೊಗಸಾದ ಹಳೇ ಸಂಪ್ರದಾಯ ಇದೆ. ಮಾರ್ವೆಲ್‌ನ ಶುರುವಿನ ದಿನಗಳಲ್ಲಿ ಸ್ಟಾನ್ ಲೀ ಹಲ್ಕ್‌ನ ನಿಜವಾದ ಹೆಸರು ಬ್ರೂಸ್ ಬ್ಯಾನರ್ ಅನ್ನುವುದನ್ನೇ ಮರೆತು ಬಾಬ್ ಬ್ಯಾನರ್ ಅಂತ ಬರೆದುಬಿಟ್ಟರು. ಓದುಗರು ಹಿಡಿದರು. ಸರಿ, ಅವನ ಪೂರ್ತಿ ಹೆಸರು ರಾಬರ್ಟ್ ಬ್ರೂಸ್ ಬ್ಯಾನರ್ ಅಂತ ಆಯಿತು, ಈಗಲೂ ಅದೇ. ಮುಂದೆ, ತಪ್ಪು ಹಿಡಿದು ಅದು ಯಾಕೆ ತಪ್ಪಲ್ಲ ಅಂತ ತಾವೇ ಕಥೆ ಕಟ್ಟಿ ವಿವರಿಸಿದ ಓದುಗರಿಗೆ 'ನೋ-ಪ್ರೈಜ್' ಅಂತ ಒಂದು ಬಹುಮಾನ ಬಂತು. ಅಂಚೆಯಲ್ಲಿ ಬರುತ್ತಿದ್ದದ್ದು ಖಾಲಿ ಲಕೋಟೆ! ಅದೇ ಹಲ್ಕ್ 1962ರ ಮೊದಲ ಸಂಚಿಕೆಯಲ್ಲಿ ಬೂದು ಬಣ್ಣ. ಅಚ್ಚಿನಲ್ಲಿ ಬೂದು ಸರಿಯಾಗಿ ಕೂರಲಿಲ್ಲ, ಎರಡನೇ ಸಂಚಿಕೆಗೆ ಹಸಿರಾದ. 80ರ ದಶಕದಲ್ಲಿ ಆ ಬೂದು ಹಲ್ಕ್ ಬೇರೆಯದೇ ಸ್ವಭಾವದವನಾಗಿ ಕಥೆಗೆ ವಾಪಸ್ ಬಂದ. ಹಾಗಾಗಿ ವಾದ ಮಾಡುವುದಾದರೆ ಹೀಗೆ ಮಾಡಿ, ತಪ್ಪು ತೋರಿಸಿ, ಜೊತೆಗೆ ಅದಕ್ಕೊಂದು ಕಥೆ ಕಟ್ಟಿ. "ಸಿನಿಮಾ ನೋಡಿ ಬಂದವನಿಗೆ ಏನು ಗೊತ್ತು" ಅನ್ನುವುದು, ಹೊಸಬರಿಗೆ ಪರೀಕ್ಷೆ ಇಡುವುದು, ಬಿಡುಗಡೆಯ ದಿನವೇ ಕೊನೇ ಪುಟದ ಫೋಟೋ ಹಾಕುವುದು, ಇವೆಲ್ಲ ಬೇಡ.

ಮುಂದೊಂದು ದಿನ ನಿಮ್ಮನ್ನೂ ಯಾರೋ ಎಲ್ಲಿಂದ ಶುರು ಮಾಡಲಿ ಅಂತ ಕೇಳುತ್ತಾರೆ. ಪಟ್ಟಿ ಕೊಡಬೇಡಿ, ಒಂದೇ ಒಂದು ಪುಸ್ತಕ ಕೈಗಿಡಿ. ನಾನು ಕೊಡುವುದು ಮ್ಯಾಟ್ ಫ್ರಾಕ್ಷನ್, ಡೇವಿಡ್ ಆಹಾ (Aja) ಅವರ ಹಾಕ್‌ಐ. ಅದರ 11ನೇ ಸಂಚಿಕೆ ಪೂರ್ತಿ ನಾಯಿಯ ಕಣ್ಣಿನಲ್ಲಿ, ಅಲ್ಲ, ಮೂಗಿನಲ್ಲಿ ನಡೆಯುತ್ತದೆ. ಮನುಷ್ಯರ ಮಾತಿನಲ್ಲಿ ನಾಯಿಗೆ ಗೊತ್ತಿರುವ ಪದ ಮಾತ್ರ ಓದಲು ಸಿಗುತ್ತದೆ, ಮಿಕ್ಕಿದ್ದೆಲ್ಲ ಗೀಚು. ಕೊಟ್ಟ ಮೇಲೆ ಎದ್ದು ಆಚೆ ಹೋಗಿ. ಪಕ್ಕದಲ್ಲೇ ಕೂತು ಪ್ರತಿ ಪುಟಕ್ಕೂ "ಇಲ್ಲಿ ನೋಡು, ಇಲ್ಲಿ ನೋಡು" ಅನ್ನಬೇಡಿ. ಇಷ್ಟು ವರ್ಷ ಆದರೂ ನನಗೆ ಇನ್ನೂ ಬಾರದ ವಿದ್ಯೆ ಅದೊಂದೇ.