ಶಾಸಕರಲ್ಲಿ ಕೇಳಿದ್ದು, ಕೇಳದೆ ಬಿಟ್ಟದ್ದು

ಹೆದ್ದಾರಿಗೆ ಜಾಗ ಹೋಗುತ್ತದೆ ಎಂದು ಗೊತ್ತಾದ ಕೂಡಲೇ ಊರಿನವರು ಓಡುವುದು ಶಾಸಕರ ಮನೆಗೆ. ಮಂಗಳೂರಿನಿಂದ ಮೂಡುಬಿದಿರೆ, ಕಾರ್ಕಳದ ಕಡೆಗೆ ಹೋಗುವ ರಾಷ್ಟ್ರೀಯ ಹೆದ್ದಾರಿ 169ನ್ನು ಚತುಷ್ಪಥ ಮಾಡಲು ನಮ್ಮ ಊರಿನ ಜಾಗವೂ ಬೇಕಾದಾಗ ಭೂಮಾಲೀಕರ ಸಮಿತಿಯ ಕಾರ್ಯದರ್ಶಿ ಕೆಲಸ ನನ್ನ ತಲೆಗೆ ಬಂತು. ಒಂದು ವಿಷಯಕ್ಕೆ ಮಾತ್ರ ನಾನು ಹಟ ಹಿಡಿದೆ: ಕಾನೂನೇ ಕೊಡುವುದನ್ನು ರಾಜಕಾರಣಿಯಲ್ಲಿ ಕೇಳುವುದು ಬೇಡ.

1956ರ ಹೆದ್ದಾರಿ ಕಾಯ್ದೆಯಲ್ಲಿ ಅಧಿಸೂಚನೆ ಬಂದ ಮೇಲೆ ಆಕ್ಷೇಪಣೆಗೆ 21 ದಿನ ಇದೆ. ದರ ನಿಗದಿ ಮಾಡುವುದು ಸಕ್ಷಮ ಪ್ರಾಧಿಕಾರ, ಅಂದರೆ ಅದಕ್ಕೆಂದೇ ನೇಮಿಸಿದ ಅಧಿಕಾರಿ. ಒಪ್ಪಿಗೆಯಾಗದಿದ್ದರೆ ಮಧ್ಯಸ್ಥಗಾರರ ಮುಂದೆ ಹೋಗಬಹುದು. ಲೆಕ್ಕ ಹಾಕುವ ಕ್ರಮ 2013ರ ಭೂಸ್ವಾಧೀನ ಕಾಯ್ದೆಯಲ್ಲೇ ಇದೆ. ಅದರ ಮೇಲೆ ಶೇ. 100 ಸೊಲೇಷಿಯಂ, ಅಂದರೆ ಜಾಗ ಕಳೆದುಕೊಂಡದ್ದಕ್ಕೆ ಅಷ್ಟೇ ಮೊತ್ತದ ಹೆಚ್ಚುವರಿ ಹಣ. ಇದರಲ್ಲೆಲ್ಲೂ ಶಾಸಕರ ಸಹಿ ಬೇಕಾಗಿಲ್ಲ. ಆದರೂ 'ದರ ಹೆಚ್ಚಿಸಿ ಕೊಡಿಸಿ' ಎಂದು ಮನವಿ ಕೊಟ್ಟರೆ, ಹೇಗೂ ಬರಬೇಕಾದ ಹಣವೂ ಅವರು ಕೊಡಿಸಿದ್ದಾಗುತ್ತದೆ. ಫ್ಲೆಕ್ಸ್ ಏಳಲಿ, ನನಗೇನೂ ಹೊಟ್ಟೆಯುರಿ ಇಲ್ಲ. ಆದರೆ ಕೊಡಿಸಿದ್ದಕ್ಕೆ ಬದಲಾಗಿ ನಾವು ಏನನ್ನೋ ಬಿಟ್ಟುಕೊಡಬೇಕಾಗುತ್ತದೆ.

ಹಾಗಾಗಿ ದರದ ಕೆಲಸವನ್ನು ನಾವೇ ಮಾಡಿದೆವು. ಹಿಂದಿನ ಮೂರು ವರ್ಷಗಳ ಕ್ರಯಪತ್ರಗಳಲ್ಲಿ ಹೆಚ್ಚು ಬೆಲೆಯ ಅರ್ಧದಷ್ಟನ್ನು ತೆಗೆದುಕೊಂಡು ಸರಾಸರಿ ಹಿಡಿಯುವುದು ಕಾಯ್ದೆಯ ಕ್ರಮ. ಉಪನೋಂದಣಿ ಕಚೇರಿಯಿಂದ ನಕಲು ತೆಗೆಸಿ, ವಕೀಲರ ಮೂಲಕ ಅರ್ಜಿ ಸಲ್ಲಿಸಿದೆವು. ಹೆಚ್ಚಿನವರು ನಿಜವಾಗಿ ಕೊಟ್ಟ ಬೆಲೆಯನ್ನು ಬರೆಸದೆ, ಸರಕಾರ ಗೊತ್ತು ಮಾಡಿದ ಮಾರ್ಗಸೂಚಿ ದರಕ್ಕೇ ನೋಂದಣಿ ಮಾಡಿಸಿಕೊಂಡಿರುವುದರಿಂದ ಒಳ್ಳೆಯ ಕ್ರಯಪತ್ರ ಹುಡುಕುವುದೇ ದೊಡ್ಡ ಕೆಲಸ.

ಶಾಸಕರಿಗೆ ಉಳಿದದ್ದು ಕಾನೂನಿನಲ್ಲಿ ಬರೆಯದ ಸಂಗತಿಗಳು: ಸರ್ವಿಸ್ ರಸ್ತೆ, ಬಸ್ ನಿಲ್ಲುವ ಜಾಗ, ಗದ್ದೆಯ ತೋಡಿಗೆ ಅಗಲವಾದ ಮೋರಿ.

ಶಾಸಕರ ಜೊತೆಗಿನ ಸಭೆಯ ದಿನ ಪ್ರವಾಸಿ ಬಂಗಲೆಯ ಮೇಜಿನ ಮೇಲೆ ಹೆದ್ದಾರಿಯ ನಕ್ಷೆ ಬಿಡಿಸಿದ್ದರು. ಫ್ಯಾನಿನ ಗಾಳಿಗೆ ಹಾರದಂತೆ ಎರಡು ಮೂಲೆಗೆ ಚಹಾದ ಗ್ಲಾಸು, ಒಂದು ಮೂಲೆಗೆ ಎಂಜಿನಿಯರರ ಮೊಬೈಲ್. ನಮ್ಮ ತೋಡು ಅದರಲ್ಲಿ ಕೂದಲೆಳೆಯಷ್ಟು ತೆಳ್ಳಗಿತ್ತು. ಜೋರು ಮಳೆಯ ಆಟಿ ತಿಂಗಳಲ್ಲಿ ಬಂದು ನೋಡಿದವರು ಹಾಗೆ ಬರೆಯುತ್ತಿರಲಿಲ್ಲ. ಶಾಸಕರು ನಕ್ಷೆ ನೋಡಲೇ ಇಲ್ಲ. "ಮಾರಾಯರೇ, ದರದ ವಿಷಯ ನಾನು ಮೇಲೆ ಮಾತನಾಡುತ್ತೇನೆ. ಸರ್ವೆಗೆ ಅಡ್ಡ ಬರುವುದಿಲ್ಲ ಎಂದು ಇವರಿಗೆ ಒಂದು ಮಾತು ಹೇಳಿಬಿಡಿ" ಎಂದರು. ಅವರು ಚೌಕಾಸಿಗೆ ಇಟ್ಟದ್ದು ನಮ್ಮ ಮೌನವನ್ನು. ಅದನ್ನು ಮಾರಿದರೆ ಸಿಗುವ ಹೆಸರು ಅವರಿಗೆ.

"ದರಕ್ಕೆ ಅರ್ಜಿ ಹೋಗಿದೆ ಸರ್, ಅದು ಅಲ್ಲೇ ತೀರ್ಮಾನವಾಗಲಿ. ಸರ್ವೆ ನಾಳೆಯೇ ಮಾಡಲಿ. ಮೋರಿ ಇವತ್ತು ನಕ್ಷೆಗೆ ಬರಲಿ" ಎಂದೆ. ಕೆಲಸ ಮುಂದೆ ಹೋಗಿದೆ ಎಂದು ಮೇಲಿನವರಿಗೆ ತೋರಿಸುವ ಅವಸರ ಅವರಿಗಿತ್ತು. ಎಂಜಿನಿಯರರ ಕಡೆ ತಿರುಗಿ "ಹಾಕಿ, ಹಾಕಿ" ಎಂದರು. ಪೆನ್ಸಿಲ್ ಗೆರೆ ಬಿತ್ತು. ಪೆನ್ಸಿಲ್ ಗೆರೆಯನ್ನು ನಂಬಿ ಏಳಲಿಲ್ಲ. ಸಭಾ ನಡವಳಿಗೆ ಬರೆಸಿ, ಅಧಿಕಾರಿಯ ಸಹಿ ಬಿದ್ದ ಮೇಲೆಯೇ ಹೊರಗೆ ಬಂದೆವು.

ಅಂಡರ್‌ಪಾಸ್ ಮಾತ್ರ ನಾವು ಕೇಳಲಿಲ್ಲ. ಪಕ್ಕದ ಊರಿನಲ್ಲಿ ರಸ್ತೆಯಾಚೆ ಶಾಲೆ ಇದೆ. ಅವರೇ ಕೇಳಲಿ ಎಂದು ಮೊದಲೇ ಮಾತಾಡಿಕೊಂಡಿದ್ದೆವು. ಬೇರೆಬೇರೆಯಾಗಿ ಹೋದರೆ ಒಬ್ಬರಿಂದ ಕಿತ್ತದ್ದನ್ನು ಇನ್ನೊಬ್ಬರಿಗೆ ಕೊಟ್ಟು ಇಬ್ಬರ ಕೈಯಲ್ಲೂ ಹಾರ ಹಾಕಿಸಿಕೊಳ್ಳುವುದು ರಾಜಕಾರಣಿಗೆ ಸುಲಭ. ಸುರತ್ಕಲ್‌ನ ಟೋಲ್ ನೆನಪಿರಬಹುದು. ದೀರ್ಘ ಹೋರಾಟದ ನಂತರ 2022ರ ಡಿಸೆಂಬರ್ 1ರಿಂದ ಅಲ್ಲಿ ವಸೂಲಿ ನಿಂತಿತು. ಆ ಹೊರೆಯನ್ನು ಉಡುಪಿ ಜಿಲ್ಲೆಯ ಹೆಜಮಾಡಿ ಟೋಲ್‌ಗೆ ಸೇರಿಸುವ ಮಾತು ಬಂದದ್ದೇ, ಉಡುಪಿ ಕಡೆಯವರು ವಿರೋಧಕ್ಕೆ ನಿಂತರು.

ಇತ್ಯರ್ಥವಾಗದೆ ಉಳಿದಿರುವುದು ಕುಮ್ಕಿ. ವರ್ಗ ಜಾಗಕ್ಕೆ, ಅಂದರೆ ಸ್ವಂತ ಪಟ್ಟಾ ಜಮೀನಿಗೆ, ತಾಗಿದ ಸರಕಾರಿ ಭೂಮಿಯಿಂದ ಸೊಪ್ಪು, ಕಟ್ಟಿಗೆ ತರುವ ಹಕ್ಕು ನಮ್ಮ ಜಿಲ್ಲೆಯಲ್ಲಿ ತಲೆಮಾರುಗಳಿಂದ ಇದೆ. ಆದರೆ ನೆಲ ಸರಕಾರದ್ದು, ಪರಿಹಾರ ಬರುವುದಿಲ್ಲ ಎಂದು ಅಧಿಕಾರಿಗಳು ಕೈಚೆಲ್ಲಿದರು. ರಾಜಕಾರಣಿ ನಿಜವಾಗಿ ಬೇಕಾದದ್ದು ಇಲ್ಲಿಯೇ. ಅವರ ಕಷ್ಟವೂ ನನಗೆ ಗೊತ್ತು: ಕುಮ್ಕಿ ಅನುಭವಿಸುವವರ ಮತವೂ ಬೇಕು, ಅದೇ ಜಾಗದಲ್ಲಿ ನಿವೇಶನ ಕೇಳುವ ಭೂರಹಿತರ ಮತವೂ ಬೇಕು. ನಾನು ಈ ವಿಷಯ ಎತ್ತಿದಾಗಲೆಲ್ಲ ಶಾಸಕರು, ಅಡಿಕೆಗೆ ಈ ಸಲ ಕೊಳೆರೋಗ ಹೇಗಿದೆ ಎಂದು ವಿಚಾರಿಸುತ್ತಾರೆ.