ಒಣಗುತ್ತದಾ ಅಂತ ನೋಡಿ ಬಟ್ಟೆ ಕೊಳ್ಳುವುದು: ಶಿರಸಿಯಲ್ಲಿ ನನ್ನ ಅನುಭವ

ನಾನು ಹುಟ್ಟಿ ಬೆಳೆದಿದ್ದು ಕಾರವಾರದಲ್ಲಿ. ಮದುವೆಯಾಗಿ ಶಿರಸಿ ಹತ್ತಿರದ ಹಳ್ಳಿಗೆ ಬಂದು ಹನ್ನೊಂದು ಮಳೆಗಾಲ ಆಯಿತು. ಪೇಟೆಯ ಒಂದು ಸಹಕಾರಿ ಸಂಘದಲ್ಲಿ ಕೆಲಸ. ದಿನಾ ಸ್ಕೂಟರಿನಲ್ಲಿ ಹೋಗಿ ಬರುತ್ತೇನೆ, ವಾರಕ್ಕೆರಡು ದಿನ ಸದಸ್ಯರ ಅಡಿಕೆ ತೋಟಗಳಿಗೂ ಹೋಗಬೇಕು. ಹಾಗಾಗಿ ಬೆಳಿಗ್ಗೆ ಹಾಕಿಕೊಂಡ ಬಟ್ಟೆ ಆಫೀಸಿಗೂ ಸೈ ಅನ್ನಿಸಬೇಕು, ತೋಟದ ಕೆಸರಿಗೂ ತಡೆಯಬೇಕು, ಸಂಜೆ ದಾರಿಯಲ್ಲಿ ಯಾರಾದರೂ "ಬನ್ನಿ, ಆಸರಿಗೆ ಕುಡಿದು ಹೋಗಿ" ಅಂದರೆ ಅವರ ಜಗಲಿಯಲ್ಲಿ ಸಂಕೋಚವಿಲ್ಲದೆ ಕೂರುವ ಹಾಗೂ ಇರಬೇಕು.

ಬಂದ ವರ್ಷ ನನ್ನ ಹತ್ತಿರ ಇದ್ದಿದ್ದು ನಾಲ್ಕು ಜೀನ್ಸ್, ಒಂದಷ್ಟು ಉದ್ದ ಕುರ್ತಾ, ಎರಡು ಜೊತೆ ಕ್ಯಾನ್ವಾಸ್ ಶೂ. ಮಳೆ ನನಗೆ ಹೊಸದಲ್ಲ. ಲೆಕ್ಕಕ್ಕೆ ನೋಡಿದರೆ ಕಾರವಾರದಲ್ಲಿ ಶಿರಸಿಗಿಂತ ಜಾಸ್ತಿಯೇ ಮಳೆ. ಆದರೆ ಅಲ್ಲಿ ಒಂದು ಸಲ ಜೋರಾಗಿ ಹೊಡೆದು ನಿಲ್ಲುತ್ತದೆ, ಕಡಲ ಗಾಳಿ ಬೀಸುತ್ತದೆ, ಮುಂದಿನ ಮಳೆ ಬರುವಷ್ಟರಲ್ಲಿ ಬಟ್ಟೆ ಅರ್ಧ ಒಣಗಿರುತ್ತದೆ. ಇಲ್ಲಿ ಘಟ್ಟದ ಮೇಲೆ, ಸುಮಾರು 600 ಮೀಟರ್ ಎತ್ತರದಲ್ಲಿ, ಜುಲೈ ಬಂತೆಂದರೆ ಮೋಡ ಅಂಗಳಕ್ಕೇ ಇಳಿದು ಕೂರುತ್ತದೆ. ಜಿಟಿಜಿಟಿ ಅಂತ ದಿನವಿಡೀ. ಮಳೆ ನಿಂತರೂ ಮರದ ಹನಿ ನಿಲ್ಲುವುದಿಲ್ಲ.

ಮೊದಲ ಜುಲೈಯಲ್ಲಿ ತೋಟದಿಂದ ನೆನೆದು ಬಂದು ಒಂದು ಜೀನ್ಸ್ ಒಗೆದು ಹಾಕಿದೆ. ನಾಲ್ಕನೇ ದಿನಕ್ಕೂ ಸೊಂಟದ ಪಟ್ಟಿ ಹಸಿ, ಜೇಬಿನ ಮೂಲೆ ಹಸಿ. ಐದನೇ ದಿನ ಮುಗ್ಗಲು ವಾಸನೆ ಬಂತು. ಉಳಿದ ಮೂರೂ ಒಂದೊಂದು ಹಗ್ಗದ ಮೇಲೆ ಅದೇ ಸ್ಥಿತಿಯಲ್ಲಿ ನೇತಾಡುತ್ತಿದ್ದವು. ಅತ್ತೆ ಬಂದು ಕಾಲಿನ ಹೊಲಿಗೆಯನ್ನು ಬೆರಳಲ್ಲಿ ಒತ್ತಿ ನೋಡಿ, "ಕೂಸೇ, ಇದು ಒಣಗದು ದೀಪಾವಳಿಗೇಯ" ಅಂದರು. ಆಮೇಲೆ ತಮ್ಮ ಸೀರೆ ತೋರಿಸಿದರು. ಅವರದ್ದು ಮಳೆಗಾಲದ ಸೀರೆಗಳೇ ಬೇರೆ: ತೆಳು ಸಿಂಥೆಟಿಕ್, ಗಾಢ ಬಣ್ಣ, ಕಾಲಿನ ಗಂಟಿನ ಮೇಲೆ ಉಟ್ಟು ಸೆರಗನ್ನು ಸೊಂಟಕ್ಕೆ ಸಿಕ್ಕಿಸುವುದು. ರಾತ್ರಿ ಒಗೆದರೆ ಬೆಳಿಗ್ಗೆಗೆ ಸಿದ್ಧ. ಕಾಟನ್ ಸೀರೆಗಳೆಲ್ಲ ದಸರೆ ಕಳೆಯುವ ತನಕ ಪೆಟ್ಟಿಗೆಯೊಳಗೆ.

ಅವತ್ತಿನಿಂದ ನಾನು ಬಟ್ಟೆಯ ಬಗ್ಗೆ ಮೊದಲು ಕೇಳುವ ಪ್ರಶ್ನೆ ಒಂದೇ, ಇದು ಒಂದು ರಾತ್ರಿಯಲ್ಲಿ ಒಣಗುತ್ತದಾ? ಚೆಂದ, ಬಣ್ಣ, ರೇಟು ಎಲ್ಲಾ ಆಮೇಲೆ.

ಯಾವುದು ಬೇಗ ಒಣಗುತ್ತದೆ ಅನ್ನುವುದು ನೂಲಿನ ಗುಣ. ಹತ್ತಿಯ ಎಳೆ ನೀರನ್ನು ಒಳಗೇ ಎಳೆದುಕೊಳ್ಳುತ್ತದೆ. ನೆನೆಯದೆ ಸುಮ್ನೆ ಗಾಳಿಯಲ್ಲಿ ಇದ್ದರೂ ಅದರ ತೂಕದ ನೂರಕ್ಕೆ 8ರಷ್ಟು ತೇವ ಅದರಲ್ಲಿ ಇದ್ದೇ ಇರುತ್ತದೆ, ಮಳೆಗಾಲದಲ್ಲಿ ಇನ್ನೂ ಜಾಸ್ತಿ. ಪಾಲಿಯೆಸ್ಟರಿನಲ್ಲಿ ಅದು ನೂರಕ್ಕೆ ಅರ್ಧದಷ್ಟೂ ಇಲ್ಲ. ನೀರು ಎಳೆಗಳ ಸಂದಿಯಲ್ಲಿ ಮಾತ್ರ ನಿಲ್ಲುತ್ತದೆ, ಹಿಂಡಿ ಕೊಡವಿದರೆ ಬಹಳಷ್ಟು ಹೋಗಿಬಿಡುತ್ತದೆ. ಜೀನ್ಸ್ ಅಂದರೆ ದಪ್ಪ ಹತ್ತಿ, ಬಿಗಿ ನೇಯ್ಗೆ, ಹೊಲಿಗೆಯ ಹತ್ತಿರ ಮೂರು ನಾಲ್ಕು ಪದರ. ಒಣಗುವುದಾದರೂ ಹೇಗೆ ಅಲ್ವಾ? ಆದರೆ ಪೂರ್ತಿ ಪಾಲಿಯೆಸ್ಟರ್ ಹಾಕಿಕೊಂಡರೆ ಬೆವರಿನ ವಾಸನೆ ಹಿಡಿಯುತ್ತದೆ, ಮೈ ಉರಿಯುತ್ತದೆ. ನನಗೆ ಒಗ್ಗಿದ್ದು ಎರಡೂ ಬೆರೆತ ಟೆರಿಕಾಟ್, ಅದರಲ್ಲೂ ತೆಳು ಜಾತಿಯದ್ದು. ಹೊಸ ಬಟ್ಟೆ ತಂದರೆ ಆ ರಾತ್ರಿಯೇ ಒಗೆದು ಒಳಗೆ, ಫ್ಯಾನ್ ಹಾಕದೆ, ಹಗ್ಗಕ್ಕೆ ಹಾಕುತ್ತೇನೆ. ಬೆಳಿಗ್ಗೆ ಕಂಕುಳ ಹೊಲಿಗೆ ಮತ್ತು ಸೊಂಟದ ಪಟ್ಟಿಯನ್ನು ತುಟಿಗೆ ಮುಟ್ಟಿಸಿ ನೋಡುತ್ತೇನೆ. ಕೈಗೆ ಗೊತ್ತಾಗದ ಥಂಡಿ ತುಟಿಗೆ ಗೊತ್ತಾಗುತ್ತದೆ. ಪಾಸಾದರೆ ಮಳೆಗಾಲದ ಕಪಾಟಿಗೆ, ಇಲ್ಲದಿದ್ದರೆ ಬೇಸಿಗೆಯ ಕಪಾಟಿಗೆ.

ರೆಡಿಮೇಡಲ್ಲಿ ನನಗೆ ಬೇಕಾದ ಪ್ಯಾಂಟು ಸಿಗಲೇ ಇಲ್ಲ. ಹೆಂಗಸರ ಪ್ಯಾಂಟಿಗೆ ಜೇಬೇ ಇರುವುದಿಲ್ಲ, ಇದ್ದರೂ ಒಂದು ಕೀಲಿ ಹಿಡಿಯುವಷ್ಟು. ಪೇಟೆಯ ಟೈಲರ್ ಹತ್ತಿರ ಕೂತು ಹೊಲಿಸಿಕೊಂಡೆ. ಉದ್ದ ಕಾಲಿನ ಗಂಟಿಗಿಂತ ನಾಲ್ಕು ಬೆರಳು ಮೇಲೆ. ಕೆಳಗೆ ಕಿರಿದು, ಗಂಬೂಟಿನೊಳಗೆ ಮಡಿಕೆ ಬೀಳದಷ್ಟು. ಸೊಂಟಕ್ಕೆ ಒಂದೇ ಪದರದ ಪಟ್ಟಿ. ಎರಡು ಜೇಬು, ಕೈ ಮಣಿಕಟ್ಟಿನ ತನಕ ಇಳಿಯುವಷ್ಟು ಆಳ, ಜೇಬಿನ ಬಟ್ಟೆ ಮಾತ್ರ ಬಲೆಯಂಥದ್ದು, ಯಾಕೆಂದರೆ ಎಲ್ಲಕ್ಕಿಂತ ಕೊನೆಗೆ ಒಣಗುವುದು ಜೇಬೇ. ಕುರ್ತಾ ಮಂಡಿಗಿಂತ ಮೇಲೆ, ಪಕ್ಕದ ಸೀಳು ಸ್ವಲ್ಪ ಎತ್ತರಕ್ಕೆ, ಸ್ಕೂಟರ್ ಹತ್ತಲು ಬರುವ ಹಾಗೆ. ಟೈಲರಿಗೆ ಮೊದಲು ಸಮಾಧಾನವಿರಲಿಲ್ಲ. "ಅಕ್ಕಾ, ಪ್ಯಾಂಟು ಇಷ್ಟು ಗಿಡ್ಡ ಮಾಡಿದ್ರೆ ಚೆಂದ ಕಾಣ್ತದಾ?" ಅಂತ ಎರಡು ಸಲ ಕೇಳಿದರು. ಹಾಕಿಕೊಂಡು ತೋರಿಸಿದ ಮೇಲೆ ಅವರೇ ಕಾಲಿನ ಅಂಚಿಗೆ ಕುರ್ತಾದ ಬಣ್ಣದ ಸಣ್ಣ ಪಟ್ಟಿ ಕೊಟ್ಟರು. ಅದರಿಂದ ನೋಡಲು ನಿಜಕ್ಕೂ ಚೆಂದವಾಯಿತು. ಈಗ ನಮ್ಮ ಆಫೀಸಿನ ಇನ್ನಿಬ್ಬರು ಅದೇ ಅಳತೆಯಲ್ಲಿ ಹೊಲಿಸಿಕೊಂಡಿದ್ದಾರೆ.

ಕಾಲಿನ ವಿಷಯಕ್ಕೆ ಬಂದರೆ, ಕ್ಯಾನ್ವಾಸ್ ಶೂ ಮೊದಲ ಮಳೆಗಾಲಕ್ಕೇ ಬೂಷ್ಟು ಹಿಡಿದು ಹೋಯಿತು. ಈಗ ಆಫೀಸಿಗೆ ಹಿಂದೆ ಪಟ್ಟಿ ಇರುವ ಪ್ಲಾಸ್ಟಿಕ್ ಸ್ಯಾಂಡಲ್, ತೋಟಕ್ಕೆ ಗಂಬೂಟು. ಸ್ಯಾಂಡಲ್ ಕೊಳ್ಳುವಾಗ ತಿರುಗಿಸಿ ಅಡಿ ನೋಡಿ. ಇಲ್ಲಿನ ಕಲ್ಲು ಮೆಟ್ಟಿಲು, ತೋಟದ ಸಂಕ (ಹಳ್ಳ ದಾಟುವ ಕಾಲುಸೇತುವೆ) ಎಲ್ಲದರ ಮೇಲೂ ಹಾವಸೆ, ಅಂದರೆ ಜಾರುವ ಪಾಚಿ. ಅಡಿ ಸವೆದ ಚಪ್ಪಲಿಯಲ್ಲಿ ಸಂಕ ದಾಟಲು ಹೋಗಿ ನಾನು ಒಮ್ಮೆ ಬಿದ್ದು ಮೊಣಕೈ ಊದಿಸಿಕೊಂಡಿದ್ದೇನೆ. ಎರಡು ವರ್ಷಕ್ಕೊಮ್ಮೆ ಬದಲಿಸುವುದರಲ್ಲಿ ನಾನು ಜಿಪುಣತನ ಮಾಡುವುದಿಲ್ಲ. ರೇನ್‌ಕೋಟಿನ ಪ್ಯಾಂಟು ಗಂಬೂಟಿನ ಹೊರಗೆ ಇರಬೇಕು. ಒಳಗೆ ತುರುಕಿದರೆ ಸ್ಕೂಟರಲ್ಲಿ ಹೋಗುವಾಗ ಇಳಿದ ನೀರೆಲ್ಲ ಸೀದಾ ಬೂಟಿನೊಳಗೆ. ಒಳಗಿನ ಪ್ಯಾಂಟು ಮಾತ್ರ ಕಾಲುಚೀಲದೊಳಗೆ ಸೇರಿರಬೇಕು, ಅದು ಉಂಬಳ, ಅಂದರೆ ರಕ್ತ ಹೀರುವ ಜಿಗಣೆ, ಹತ್ತದಿರಲಿ ಅಂತ. ಕಾಲುಚೀಲ ಉದ್ದದ್ದು, ಒತ್ತಾಗಿ ನೇಯ್ದದ್ದು, ತಿಳಿ ಬಣ್ಣದ್ದು. ಉಂಬಳ ಹತ್ತುತ್ತಿರುವುದು ತಿಳಿ ಬಣ್ಣದ ಮೇಲೆ ಮಾತ್ರ ತಕ್ಷಣ ಕಾಣುತ್ತದೆ. ಕಚ್ಚಿದ ಮೇಲೆ ಬಹಳ ಹೊತ್ತು ರಕ್ತ ಸೋರುತ್ತದೆ, ಯಾಕೆಂದರೆ ಅದು ರಕ್ತ ಹೆಪ್ಪುಗಟ್ಟದ ಹಾಗೆ ಮಾಡಿರುತ್ತದೆ. ಬಟ್ಟೆಗೆ ಬಿದ್ದ ಕಲೆಯನ್ನು ತಣ್ಣೀರಲ್ಲೇ ತೊಳೆಯಬೇಕು, ಬಿಸಿನೀರು ಹಾಕಿದರೆ ಕೂತುಬಿಡುತ್ತದೆ. ಅತ್ತೆ ಈಗಲೂ ಸುಣ್ಣ, ಹೊಗೆಸೊಪ್ಪು ಸೇರಿಸಿ ಕಟ್ಟಿದ ಪುಟ್ಟ ಗಂಟನ್ನು ಸೆರಗಿಗೆ ಕಟ್ಟಿಕೊಂಡೇ ತೋಟಕ್ಕೆ ಇಳಿಯುತ್ತಾರೆ. ಅದನ್ನು ಮುಟ್ಟಿಸಿದರೆ ಸಾಕು, ಉಂಬಳ ಉದುರುತ್ತದೆ.

ಇಷ್ಟೆಲ್ಲಾ ಸಿಂಥೆಟಿಕ್ ಹೊಗಳಿದ ಮೇಲೆ ಒಂದು ಮಾತು ಹೇಳಲೇಬೇಕು. ಬೆಂಕಿಯ ಹತ್ತಿರ ಅದು ಬೇಡ. ಇಲ್ಲಿ ಬಟ್ಟೆ ಒಣಗಿಸುವುದು ಬಚ್ಚಲ ಒಲೆಯ ಮೇಲಿನ ಬಿದಿರ ಗಳದ ಮೇಲೆ. ಮೂರನೇ ವರ್ಷ ನನ್ನ ಟೆರಿಕಾಟ್ ಪ್ಯಾಂಟಿನ ಒಂದು ಕಾಲು ಗಳದಿಂದ ಜಾರಿ ಬಿಸಿ ಹಂಡೆಗೆ ತಾಗಿತ್ತು. ಬೆಳಿಗ್ಗೆ ನೋಡಿದರೆ ಅಂಗೈ ಅಗಲ ಬಟ್ಟೆ ಕರಗಿ, ಮುದುಡಿ, ಗಾಜಿನ ಹಾಗೆ ಗಟ್ಟಿಯಾಗಿತ್ತು. ಅದು ಮೈಮೇಲೆ ಇದ್ದಾಗ ಆಗಿದ್ದರೆ ಚರ್ಮಕ್ಕೆ ಅಂಟುತ್ತಿತ್ತು ಅನ್ನುವುದು ಆಮೇಲೆ ಹೊಳೆದು ಕೈ ನಡುಗಿತು. ಅವತ್ತೇ ಗಳವನ್ನು ಎತ್ತರಿಸಿದೆವು, ಪ್ರತಿ ಬಟ್ಟೆಗೂ ಎರಡು ಕ್ಲಿಪ್ ಹಾಕುವುದು ಕಡ್ಡಾಯವಾಯಿತು. ಸುಗ್ಗಿಯಲ್ಲಿ ಅಡಿಕೆ ಬೇಯಿಸುವ ಒಲೆಯ ಮುಂದೆ ನಿಲ್ಲುವಾಗ ನಾನು ಹಾಕುವುದು ಹಳೆಯ ಕಾಟನ್ ಮಾತ್ರ, ದುಪಟ್ಟಾ ಇಲ್ಲದೆ. ಅದೂ ಕಂದು ಅಥವಾ ಕಪ್ಪು. ಅಡಿಕೆಯ ಚೊಗರು ಬಟ್ಟೆಗೆ ಬಿದ್ದರೆ ಹೋಗುವುದಿಲ್ಲ. ಅಡಿಕೆಯ ಕೊಳೆ ರೋಗಕ್ಕೆ ಮದ್ದು ಹೊಡೆಯುವಾಗ ಮೈಲುತುತ್ತದ ನೀಲಿ ಕಲೆಯೂ ಹಾಗೇ. ಆ ಕೆಲಸಕ್ಕೆ ಒಂದು ಜೊತೆ ಬೇರೆಯೇ ಇಡಿ, ಮನೆಯ ಬಟ್ಟೆಯ ಜೊತೆ ಒಗೆಯಬೇಡಿ.

ಉಣ್ಣೆಯ ಬೆಲೆ ನನಗೆ ತಡವಾಗಿ ತಿಳಿಯಿತು. ಎರಡು ವರ್ಷಕ್ಕೊಮ್ಮೆ ನಡೆಯುವ ಮಾರಿಕಾಂಬೆ ಜಾತ್ರೆಯಲ್ಲಿ ಒಂದು ಕರಿ ಕಂಬಳಿ ಕೊಂಡೆ, ಹಾಸಿಕೊಳ್ಳಲು ಅಂತ. ಕಂಬಳಿಯ ಒಂದು ಮೂಲೆಯನ್ನು ಒಳಗೆ ಮಡಚಿ ಕೊಪ್ಪೆ ಮಾಡಿ ತಲೆಗೆ ಹಾಕಿಕೊಳ್ಳುವುದನ್ನು ಅತ್ತೆಯೇ ಕಲಿಸಿದರು. ಉಣ್ಣೆ ತನ್ನ ತೂಕದ ನೂರಕ್ಕೆ 30ರಷ್ಟು ತೇವ ಹೀರಿದರೂ ಮುಟ್ಟಿದರೆ ಒದ್ದೆ ಅನ್ನಿಸುವುದಿಲ್ಲ, ನೆನೆದಾಗಲೂ ಬೆಚ್ಚಗೇ ಇಡುತ್ತದೆ. ಗದ್ದೆ ನಾಟಿಯವರು ಬಗ್ಗಿ ಕೆಲಸ ಮಾಡುವಾಗ ಬೆನ್ನಿಗೆ ಅದೇ ಇರುತ್ತಿದ್ದುದು ಸುಮ್ಮನೆ ಅಲ್ಲ. ಈಗ ಹೆಚ್ಚಿನವರು ಪ್ಲಾಸ್ಟಿಕ್ ಕೊಪ್ಪೆ ಹಾಕುತ್ತಾರೆ. ಅದು ಹಗುರ ನಿಜ, ಆದರೆ ಒಳಗೆ ಬೆವರು ಇಳಿಯುತ್ತದೆ.

ಚಳಿಗಾಲದಲ್ಲಿ ತವರಿಗೆ ಹೋಗುವುದು ಇನ್ನೊಂದು ಲೆಕ್ಕ. ಡಿಸೆಂಬರಿನ ಬೆಳಿಗ್ಗೆ ಆರು ಗಂಟೆಗೆ ಶಿರಸಿಯಲ್ಲಿ ಬಸ್ಸು ಹತ್ತಿದರೆ ಹಲ್ಲು ಕಟಕಟ. ದೇವಿಮನೆ ಘಟ್ಟ ಇಳಿದು ಕುಮಟಾ ಮುಟ್ಟುವಷ್ಟರಲ್ಲಿ, ಅಂದರೆ ಸುಮಾರು 60 ಕಿಲೋಮೀಟರಿನಲ್ಲಿ, ಸ್ವೆಟರ್ ಮೈಮೇಲೆ ಭಾರ. ದಪ್ಪ ಸ್ವೆಟರ್ ಒಂದರ ಬದಲು ತೆಳು ಕಾಟನ್ ಕುರ್ತಾ, ಅದರ ಮೇಲೆ ತೋಳಿಲ್ಲದ ಉಣ್ಣೆ ಅಂಗಿ, ಮೇಲೊಂದು ಗಾಳಿ ತಡೆಯುವ ಜರ್ಕಿನ್. ಘಟ್ಟದ ತಿರುವಿನಲ್ಲಿ ಒಂದು, ಕುಮಟಾದಲ್ಲಿ ಇನ್ನೊಂದು ತೆಗೆದು ಚೀಲಕ್ಕೆ ಹಾಕುತ್ತೇನೆ. ಕಾರವಾರದಲ್ಲಿ ಆಯಿ ಬಾಗಿಲು ತೆಗೆಯುವಾಗ ಮೈಮೇಲೆ ಕಾಟನ್ ಮಾತ್ರ ಉಳಿದಿರುತ್ತದೆ.

ಕಪಾಟಿನ ಬಗ್ಗೆ ಜಾಸ್ತಿ ಹೇಳುವುದೇನಿಲ್ಲ. ಪೂರ್ತಿ ಒಣಗದ ಬಟ್ಟೆಯನ್ನು ಒಳಗೆ ಇಡಬೇಡಿ. ರೇಷ್ಮೆ ಸೀರೆಯನ್ನು ಹಳೆ ಪಂಚೆಯಲ್ಲಿ ಸುತ್ತಿ ಇಡಿ, ಪ್ಲಾಸ್ಟಿಕ್ ಚೀಲ ಬೇಡ.

ಈ ವರ್ಷದ ಬಟ್ಟೆಯನ್ನು ಮೊನ್ನೆ ಟೈಲರಿಗೆ ಕೊಟ್ಟು ಬಂದೆ, ಮಿರ್ಗ (ಮೃಗಶಿರಾ) ಮಳೆ ಶುರುವಾಗುವ ಮೊದಲೇ ಕೊಡುತ್ತಾರಂತೆ. ಹೊರಡುವಾಗ ಅತ್ತೆ ತಮ್ಮದೊಂದು ಲಂಗ ಕೈಗೆ ಕೊಟ್ಟು, ಇದಕ್ಕೂ ನಿನ್ನ ಪ್ಯಾಂಟಿನಂಥ ಆಳದ ಜೇಬು ಹೊಲಿಸಿಕೊಂಡು ಬಾ ಅಂದರು. ಸುಣ್ಣ ಹೊಗೆಸೊಪ್ಪಿನ ಗಂಟು ಇಡಲಿಕ್ಕೆ.